ಮ್ಯಾಟ್ ಎತ್ತಿ ನೋಡಿದ ಮೇಲೆಯೇ ಅಡ್ವಾನ್ಸ್

ವಿಷು ರಜೆಯಲ್ಲಿ ಶುರುವಾದ ಕಾರು ಹುಡುಕಾಟ ಆಟಿ (ಜುಲೈ-ಆಗಸ್ಟ್) ತಿಂಗಳಲ್ಲಿ ಮುಗಿಯಿತು. ಆರ್‌ಸಿ ನನ್ನ ಹೆಸರಿಗೆ ಆಗಿದೆ, ಇನ್ಶೂರೆನ್ಸ್ ಕಾಗದವೂ ಬಂದಿದೆ. ಎಲ್ಲ ಹಸಿಹಸಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರಿಗೆ ನೆರೆನೀರಲ್ಲಿ ಮುಳುಗಿದ ಕಾರಿನ ವಿಷಯ ಮುಂಚಿತವಾಗಿ ಹೇಳುವವರು ಸಿಕ್ಕುವುದಿಲ್ಲ. ಮಾರುವವರು ಹೇಳುವುದಿಲ್ಲ, ಕೊಂಡು ಪೆಟ್ಟು ತಿಂದವರಿಗೂ ಅದನ್ನು ಹೇಳಿಕೊಳ್ಳಲು ಮನಸ್ಸಿರುವುದಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಅಪ್ಪನಿಗೆ ಹೃದಯದ ತೊಂದರೆ, ಚಿಕಿತ್ಸೆ ಮಂಗಳೂರಿನಲ್ಲಿ. ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಸ್ಥಿತಿ ಈಗ ಇಲ್ಲ, ಪ್ರತಿಸಲ ಟ್ಯಾಕ್ಸಿ ಮಾಡಿದರೆ ಔಷಧಿಗಿಂತ ಬಾಡಿಗೆಯೇ ಹೆಚ್ಚು. ಅಡಿಕೆ ಮಾರಿದ ದುಡ್ಡು, ನನ್ನ ಉಳಿತಾಯ ಎಲ್ಲ ಸೇರಿಸಿದರೆ ನಾಲ್ಕು ಲಕ್ಷದ ಆಸುಪಾಸು. ಆ ಬೆಲೆಗೆ ಸಿಗುವುದು 2015ರಿಂದ 2018ರ ನಡುವಿನ ಮಾಡೆಲ್‌ಗಳು. ಇಲ್ಲಿಯೇ ಒಂದು ವಿಷಯ ಇದೆ. ಆ ವರ್ಷಗಳ ಕಾರು ಅಂದರೆ 2018ರ ಆಗಸ್ಟ್ ತಿಂಗಳಲ್ಲಿ ಕೇರಳದ ರಸ್ತೆಯ ಮೇಲೆ ಇದ್ದಿರಬಹುದಾದ ಕಾರು.

ಆ ಆಗಸ್ಟ್ ನೆನಪಿಲ್ಲದವರು ಯಾರು? ಆಲುವಾ, ಚಾಲಕ್ಕುಡಿ, ಚೆಂಗನ್ನೂರು, ಕುಟ್ಟನಾಡು ಎಲ್ಲ ನೀರು. ಕೊಚ್ಚಿ ವಿಮಾನ ನಿಲ್ದಾಣ ಮತ್ತೆ ತೆರೆದದ್ದು 29ನೇ ತಾರೀಕಿಗೆ. ಮನೆಯವರು ದೋಣಿ ಹತ್ತಿ ಹೋದರು, ಕಾರುಗಳು ಪೋರ್ಚಿನಲ್ಲೇ ಉಳಿದವು. ನಮ್ಮ ಜಿಲ್ಲೆಗೆ ಆ ಮಟ್ಟದ ಪೆಟ್ಟು ಬೀಳಲಿಲ್ಲ. ಹಾಗಾಗಿ ಇಲ್ಲಿ ಕೊಳ್ಳುವವರಿಗೆ ಆ ಬಗ್ಗೆ ಸಂಶಯವೂ ಕಡಿಮೆ. ಅದೇ ವರ್ಷ ಮೇ 29ಕ್ಕೆ ಮಂಗಳೂರಿನಲ್ಲಿ ಒಂದೇ ದಿನದ ಮಳೆಗೆ ರಸ್ತೆಗಳೆಲ್ಲ ತೋಡಾಗಿದ್ದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಯ ಪಾರ್ಕಿಂಗ್‌ಗೆ ನೀರು ನುಗ್ಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿತು. ಕಾರಿಗೆ ನಾಲ್ಕು ಚಕ್ರ ಇದೆ, ಮುಳುಗಿದ ಊರಿನಲ್ಲೇ ಅದು ಉಳಿಯಬೇಕೆಂದಿಲ್ಲ. ಸಂಶಯ ಇಲ್ಲದ ಊರಿಗೆ ಅದು ಮಾರಾಟಕ್ಕೆ ಬರುತ್ತದೆ.

ಹೇಗೆ ಬರುತ್ತದೆ ಅಂತ ನನಗೆ ವಿವರಿಸಿದ್ದು ಭಾವನ ಪರಿಚಯದ ಒಬ್ಬ ಇನ್ಶೂರೆನ್ಸ್ ಸರ್ವೇಯರ್. ರಿಪೇರಿಯ ಖರ್ಚು ಕಾರಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಬೆಲೆಯ ಶೇಕಡಾ 75 ದಾಟಿದರೆ ಕಂಪನಿ ಅದನ್ನು ಪೂರ್ತಿ ನಷ್ಟ ಎಂದು ಲೆಕ್ಕ ಹಾಕುತ್ತದೆ. ಡ್ಯಾಶ್‌ಬೋರ್ಡ್ ತನಕ ನೀರು ಏರಿದ ಕಾರಿಗೆ ಅಷ್ಟು ಸುಲಭವಾಗಿ ಆಗುತ್ತದೆ. ಆಮೇಲೆ ಆ ಕಾರು ಹರಾಜಿಗೆ ಹೋಗುತ್ತದೆ. ಕೆಲವು ಸಲ ಮಾಲೀಕನೇ ಕಾರು ಇಟ್ಟುಕೊಂಡು, ಹಾಳಾದ ಕಾರಿನ ಬೆಲೆ ಕಳೆದು ಉಳಿದ ಮೊತ್ತ ಪಡೆಯುತ್ತಾನೆ. ಕಾಯಿದೆಯ ಪ್ರಕಾರ, ಇನ್ನು ಬಳಸಲಾಗದಂತೆ ಹಾಳಾದ ವಾಹನದ ವಿಷಯವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆದರೆ ಆರ್‌ಸಿ ಸಮೇತ ಹರಾಜಾದ ಕಾರನ್ನು ತೊಳೆದು, ಒಣಗಿಸಿ, ಸೀಟಿನ ಬಟ್ಟೆ ಬದಲಿಸಿ ಓಡುವಂತೆ ಮಾಡಿದರೆ ಆರ್‌ಸಿಯಲ್ಲಿ ನೀರಿನ ಸುದ್ದಿಯೇ ಇರುವುದಿಲ್ಲ. ಮಾಲೀಕನೇ ಇಟ್ಟುಕೊಂಡದ್ದಾದರೆ ‘ಸಿಂಗಲ್ ಓನರ್’ ಎಂಬುದೂ ಸತ್ಯವೇ. "ಆರ್‌ಸಿ ನೋಡಿ ನಂಬಬೇಡಿ ಟೀಚರೇ, ಅದು ಮಾಲೀಕರ ಕಥೆ ಮಾತ್ರ ಹೇಳುವುದು" ಅಂದರು ಅವರು.

ನಂಬರ್ ಪ್ಲೇಟ್ ನೋಡಿದರೆ ಗೊತ್ತಾಗುತ್ತದೆ ಎಂಬ ಮಾತೂ ನಮ್ಮಲ್ಲಿ ಇದೆ. ಎರ್ನಾಕುಳಂನ ಕೆಎಲ್ 07, ಆಲುವಾದ ಕೆಎಲ್ 41, ಚೆಂಗನ್ನೂರಿನ ಕೆಎಲ್ 30 ಕಂಡರೆ ಎರಡು ಸಲ ನೋಡಬೇಕಾದ್ದು ನಿಜ. ಆದರೆ ನಮ್ಮದೇ ಕೆಎಲ್ 14 ಕಾರನ್ನು ಕೊಚ್ಚಿಯಲ್ಲಿ ಕೆಲಸಕ್ಕಿದ್ದವರು ಅಲ್ಲೇ ಇಟ್ಟುಕೊಂಡಿದ್ದರೆ? ನಾನು ನೋಡಿದ ಮೊದಲ ಕಾರಿನ ಕಥೆಯೇ ಅದು.

ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಹಳೆ ಕಾರು ಮಾರುವ ಒಂದು ಯಾರ್ಡ್. ಬಿಳಿ ಬಣ್ಣದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 2016ರದ್ದು, ಕೆಎಲ್ 14, ಒಬ್ಬರೇ ಮಾಲೀಕರು, ಓಡಿದ್ದೂ ಕಡಿಮೆ. ಅದೇ ಮಾಡೆಲಿಗೆ ಬೇರೆ ಕಡೆ ನಾಲ್ಕು ಲಕ್ಷದ ಮೇಲೆ ಹೇಳುತ್ತಿದ್ದರು, ಇಲ್ಲಿ ಮೂರು ಲಕ್ಷ ಮೂವತ್ತು ಸಾವಿರ. ಅಪ್ಪನಿಗೆ ತುಂಬ ಹಿಡಿಸಿತು. ಮುಂದಿನ ಸೀಟಿನಲ್ಲಿ ಕೂತು "ಕಾಲು ಚಾಚಲು ಜಾಗ ಉಂಟು" ಅಂದರು. ಯಾರ್ಡಿನವರು ಹತ್ತು ಸಾವಿರ ಅಡ್ವಾನ್ಸ್ ಕೇಳಿದರು. ಸಂಜೆ ಇನ್ನೊಂದು ಪಾರ್ಟಿ ಬರುತ್ತದೆ ಅಂದರು. ನಮ್ಮ ಊರಿನ ಮೆಕ್ಯಾನಿಕ್ ಅಣ್ಣನಿಗೆ ತೋರಿಸದೆ ದುಡ್ಡು ಕೊಡುವುದಿಲ್ಲ ಎಂದು ನಾನು ಹೇಳಿದೆ. ಅವರ ಮುಖ ಬಿಗಿಯಾಯಿತು. ಆದರೆ ಬೇಡ ಅನ್ನಲಿಲ್ಲ.

ಮರುದಿನ ಅಣ್ಣ ಬಂದರು. ಕೈಯಲ್ಲಿ ಒಂದು ಟಾರ್ಚು, ಸ್ಕ್ರೂಡ್ರೈವರ್, ಹಳೆಯ ಬಿಳಿ ಬೈರಾಸು (ಟವೆಲ್), ಅಷ್ಟೇ. ಬಾನೆಟ್ ತೆರೆಯುತ್ತಾರೆ ಅಂದುಕೊಂಡರೆ ಅವರು ಮೊದಲು ಮಾಡಿದ್ದು ಎಲ್ಲ ಗಾಜು ಏರಿಸಿ, ಏಸಿ ಆಫ್ ಮಾಡಿ, ಕಾರನ್ನು ಬಿಸಿಲಿಗೆ ಹತ್ತು ನಿಮಿಷ ಬಿಟ್ಟದ್ದು. ಆಮೇಲೆ ಬಾಗಿಲು ತೆರೆದು ತಲೆ ಒಳಗೆ ಹಾಕಿದರು. ಮಲ್ಲಿಗೆ ಸೆಂಟಿನ ಘಾಟು. "ಇಷ್ಟು ಸೆಂಟು ಎಂತಕ್ಕೆ?" ಅಂತ ಯಾರನ್ನೋ ಕೇಳಿದ ಹಾಗೆ ಕೇಳಿದರು. ಮತ್ತೆ ಇಂಜಿನ್ ಸ್ಟಾರ್ಟ್ ಮಾಡಿ ಹೀಟರ್ ಪೂರ್ತಿ ಇಟ್ಟು ಫ್ಯಾನ್ ಜೋರು ಮಾಡಿದರು. ನಮ್ಮ ಊರಿನ ಸೆಕೆಯಲ್ಲಿ ಹೀಟರ್ ಹಾಕುವವರು ಯಾರೂ ಇಲ್ಲ, ಹಾಗಾಗಿ ಮಾರುವವರೂ ಅದನ್ನು ಪರೀಕ್ಷಿಸಿ ಇಡುವುದಿಲ್ಲವಂತೆ. ಐದು ನಿಮಿಷದಲ್ಲಿ ಸೆಂಟಿನ ಕೆಳಗಿನಿಂದ ಬೇರೊಂದು ವಾಸನೆ ಎದ್ದು ಬಂತು. ಮುಚ್ಚಿಟ್ಟ ಕೆಸರಿನ ವಾಸನೆ.

ಆಮೇಲೆ ಸೀಟ್ ಬೆಲ್ಟ್. ನಾವೆಲ್ಲ ಬೆಲ್ಟನ್ನು ಎದೆಯ ತನಕ ಎಳೆಯುತ್ತೇವೆ. ಅಣ್ಣ ಅದು ಇನ್ನು ಬರುವುದಿಲ್ಲ ಎನ್ನುವಷ್ಟು ಪೂರ್ತಿ ಹೊರಗೆಳೆದರು. ಒಳಗೆ ಸುರುಳಿ ಸುತ್ತಿಕೊಂಡೇ ಇರುವ ಕೊನೆಯ ಭಾಗ ಇದೆಯಲ್ಲ, ಅದನ್ನು ತೊಳೆಯಲು ಯಾರ ಕೈಯೂ ಹೋಗುವುದಿಲ್ಲ. ಬೈರಾಸನ್ನು ಒದ್ದೆ ಮಾಡಿ ಅಲ್ಲಿ ಉಜ್ಜಿದಾಗ ಬಂದದ್ದು ಬೂದು ಬಣ್ಣದ ನುಣುಪು ಮಣ್ಣು. ನಮ್ಮದು ಮುರಕಲ್ಲಿನ ಊರು. ಕಾರಿಗೆ ಇಲ್ಲಿ ಹಿಡಿಯುವುದು ಕೆಂಪು ಧೂಳು. ಬೂದು ಕೆಸರು ಗದ್ದೆ, ಹೊಳೆಯ ಕಡೆಯದ್ದು. ಅಣ್ಣ ಬೈರಾಸು ನನ್ನ ಕೈಗೆ ಕೊಟ್ಟು "ಇದು ನಮ್ಮ ಊರಿನ ಮಣ್ಣಲ್ಲ ಟೀಚರೇ" ಅಂದರು. ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಅಪ್ಪನ ಮನಸ್ಸು ಆ ಸೀಟಿನಿಂದ ಇನ್ನೂ ಇಳಿದಿರಲಿಲ್ಲ.

ಉಳಿದದ್ದೆಲ್ಲ ಅದಕ್ಕೆ ಸಾಕ್ಷಿ. ಸೀಟಿನ ಅಡಿಯ ಹಳಿಗಳಲ್ಲಿ, ಸೀಟನ್ನು ನೆಲಕ್ಕೆ ಬಿಗಿದ ಬೋಲ್ಟುಗಳಲ್ಲಿ ತುಕ್ಕು. ಬೋಲ್ಟಿನ ತಲೆಯಲ್ಲಿ ಸ್ಪ್ಯಾನರ್ ಹಾಕಿ ಬಿಚ್ಚಿದ ಗೀರು. ಸೀಟು ಬಿಚ್ಚುವ ಕೆಲಸ ಮಾಮೂಲಿ ಸರ್ವಿಸಿನಲ್ಲಿ ಬರುವುದೇ ಇಲ್ಲ. ನೆಲದ ಕಾರ್ಪೆಟ್ ಹೊಸದು, ಬಾಗಿಲ ಪ್ಯಾಡು ಹಳೆಯದು. ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚು ಹಾಕಿದರೆ ಪೆಡಲ್‌ಗಳ ಮೇಲಿನ ಬಣ್ಣವಿಲ್ಲದ ಕಬ್ಬಿಣ ಕೆಂಪಾಗಿತ್ತು, ವೈರಿನ ಕನೆಕ್ಟರಿನ ಒಂದು ಪಿನ್ ಹಸಿರುಗಟ್ಟಿತ್ತು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಉರಿದು ಆರಬೇಕು. ಇದರಲ್ಲಿ ಉರಿಯಲೇ ಇಲ್ಲ. ದೀಪ ಆರದೆ ಉಳಿದರೆ ಗಿರಾಕಿ ಪ್ರಶ್ನೆ ಕೇಳುತ್ತಾರೆಂದು ಅದರ ಸಂಪರ್ಕವನ್ನೇ ತೆಗೆದಿಡುವವರು ಇದ್ದಾರಂತೆ. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಇರುವುದು ಗೇರಿನ ಹತ್ತಿರ ನೆಲಕ್ಕೆ ತಾಗಿಕೊಂಡು, ಅಂದರೆ ನೀರು ಮೊದಲು ತಲುಪುವ ಜಾಗದಲ್ಲಿ. ಹೃದಯದ ರೋಗಿಯನ್ನು ಕೂರಿಸಿಕೊಂಡು ಹೋಗುವ ಕಾರಿನಲ್ಲಿ ಏರ್‌ಬ್ಯಾಗ್ ತೆರೆಯುತ್ತದೋ ಇಲ್ಲವೋ ಎಂದು ಗೊತ್ತಿಲ್ಲದೆ ಓಡಾಡುವುದನ್ನು ಯೋಚಿಸಿ ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ಇಂಜಿನ್ ಹಾಳಾದರೆ ದಾರಿಬದಿಯಲ್ಲಿ ನಿಲ್ಲುತ್ತೇವೆ, ದುಡ್ಡು ಹೋಗುತ್ತದೆ. ಇದು ಜೀವದ ವಿಷಯ.

ಯಾರ್ಡಿನವರು ಮೊದಲು "ಮಳೆಗೆ ಗಾಜು ಬಿಟ್ಟದ್ದು" ಅಂದರು. ಅಣ್ಣ ಬೆಲ್ಟ್ ತೋರಿಸಿದ ಮೇಲೆ, ಮಾಲೀಕರು ಕೊಚ್ಚಿಯಲ್ಲಿ ಇದ್ದದ್ದು ಹೌದು ಅಂದರು. ಇನ್ನೂ ಮೂವತ್ತು ಸಾವಿರ ಇಳಿಸುತ್ತೇನೆ ಅಂತಲೂ ಹೇಳಿದರು. ನಾವು ಹೊರಟೆವು.

ಎರಡನೆಯದು ಕರ್ನಾಟಕ ಗಡಿಯ ತಲಪಾಡಿಯ ಆಚೆಗಿನದ್ದು, ಕೆಎ 19. ಮಂಗಳೂರಿನಲ್ಲಿ ಆಯ್ಕೆ ಹೆಚ್ಚು, ಬೆಲೆಯೂ ಸ್ವಲ್ಪ ಹಗುರ. ಕಾರು ಚೆನ್ನಾಗಿಯೇ ಕಂಡಿತು. ಹಿಂದಿನ ವರ್ಷಗಳ ಪಾಲಿಸಿ ಪ್ರತಿ ಕೇಳಿದೆ. ಅದನ್ನು ಕೇಳಬೇಕಾದ್ದು ಯಾಕೆಂದರೆ ಕ್ಲೇಮ್ ಇಲ್ಲದೆ ವರ್ಷಗಳು ಕಳೆದ ಹಾಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಶೇಕಡಾ 20, 25, 35, 45, 50 ಎಂದು ಏರುತ್ತಾ ಹೋಗುತ್ತದೆ. ನಡುವೆ ಒಂದು ವರ್ಷ ಸೊನ್ನೆಗೆ ಬಿದ್ದಿದ್ದರೆ ಅದರ ಹಿಂದಿನ ವರ್ಷ ಕ್ಲೇಮ್ ಆಗಿದೆ ಎಂದು ಅರ್ಥ. ಯಾಕೆ ಆಯಿತು ಎಂದು ಕೇಳಬಹುದು. ಬೋನಸ್ ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು, ಹಾಗಾಗಿ ಮಾಲೀಕ ಬದಲಾದ ವರ್ಷವೂ ಸೊನ್ನೆ ಕಾಣಬಹುದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರುವವರು ಈ ವರ್ಷದ್ದು ಬಿಟ್ಟು ಬೇರೆ ಯಾವುದನ್ನೂ ಕೊಡಲಿಲ್ಲ. ಜೊತೆಗೆ ಕರ್ನಾಟಕದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅದಕ್ಕೆ ಫಾರ್ಮ್ 28, ಕೇರಳದಲ್ಲಿ ಮತ್ತೆ ತೆರಿಗೆ, ಹೊಸ ನಂಬರ್. ಆ ಖರ್ಚು ಸೇರಿಸಿದರೆ ಅಗ್ಗ ಎನ್ನುವುದು ಉಳಿಯುವುದಿಲ್ಲ. ಗಡಿಯಾಚೆಯ ಕಾರು ನೋಡುವವರು ತೆರಿಗೆಯನ್ನು ಮೊದಲೇ ಸರಕಾರದ ಪರಿವಾಹನ್ ವೆಬ್ ತಾಣದಲ್ಲಿ ಅಥವಾ ಕೇರಳದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ವಿಚಾರಿಸಿಕೊಂಡು ಹೋಗಿ.

ಆಮೇಲೆ ದೊಡ್ಡ ಖಾಲಿ. ಶಾಲೆ ಶುರುವಾಯಿತು, ಮಳೆ ಹಿಡಿಯಿತು. ನೋಡಿದ ಕಾರುಗಳಲ್ಲಿ ಕೆಲವು ಬೆಲೆ ಹೊಂದಲಿಲ್ಲ, ಕೆಲವು ಅಣ್ಣನಿಗೆ ಹಿಡಿಸಲಿಲ್ಲ. ಬೇಕಲದ ಕಡೆ ನೋಡಿದ ಒಂದರ ಅಡಿಯಲ್ಲಿ ಎಲ್ಲ ಕಡೆ ತುಕ್ಕು ಕಂಡು ನಾನೇ ಬೇಡ ಅಂದಿದ್ದೆ. ಅದು ನೆರೆಯ ತುಕ್ಕಲ್ಲ, ಕಡಲ ಗಾಳಿಯದ್ದು ಎಂದು ಅಣ್ಣ ವಿವರಿಸಿದರು. ಕರಾವಳಿಯವರು ಇದನ್ನು ಗಮನಿಸಬೇಕು. ಉಪ್ಪುಗಾಳಿ ತಿನ್ನುವುದು ಹೊರಗಿನಿಂದ: ಸೈಲೆನ್ಸರ್, ಸಸ್ಪೆನ್ಶನ್, ಬಾಗಿಲಿನ ಕೆಳ ಅಂಚು. ನೆರೆನೀರು ತಿನ್ನುವುದು ಒಳಗಿನಿಂದ: ಸೀಟಿನ ಸ್ಪ್ರಿಂಗು, ಕಾರ್ಪೆಟ್ ಅಡಿಯ ಲೋಹ, ಡ್ಯಾಶ್‌ಬೋರ್ಡಿನ ಒಳಗಿನ ಸ್ಕ್ರೂ. ಹೊರಗೆ ತುಕ್ಕಿದ್ದು ಒಳಗೆ ಒಣಗಿ ಶುಭ್ರವಾಗಿದ್ದರೆ ಅದು ಬೇರೆ ಲೆಕ್ಕ. ಡಿಕ್ಕಿ ಮಾತ್ರ ತುಕ್ಕು ಹಿಡಿದಿದ್ದರೆ ಮೀನು ಸಾಗಿಸಿದ ಕಾರೂ ಆಗಿರಬಹುದಂತೆ.

ಕೊನೆಗೆ ಸಿಕ್ಕಿದ್ದು ಮುಳ್ಳೇರಿಯದ ಕಡೆಯ ಒಬ್ಬ ನಿವೃತ್ತರ ಕಾರು, 2017ರದ್ದು, ಶಾಲೆಯ ಸಹೋದ್ಯೋಗಿಯೊಬ್ಬರ ಮೂಲಕ. ಕಾರಿನ ಯಜಮಾನರು ಎಲ್ಲ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದರು. ಅಣ್ಣ ಬೆಲ್ಟ್ ಎಳೆದರು, ಶುಭ್ರ. ಬೆಲ್ಟಿನ ಬುಡದ ಚೀಟಿಯಲ್ಲಿದ್ದ ತಯಾರಿಕೆಯ ವರ್ಷವೂ ಕಾರಿನದ್ದೇ. ಬೆಲ್ಟ್ ಬದಲಿಸಿದ್ದರೆ ಅಲ್ಲಿ ವರ್ಷ ತಪ್ಪುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿಲ್ಲ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಣ ಧೂಳು, ಕೆಂಪು ಧೂಳು. ನನಗೆ ಆ ಬಣ್ಣ ಕಂಡೇ ಅರ್ಧ ಸಮಾಧಾನವಾಯಿತು. ಇಂಜಿನ್ ಆಯಿಲಿನ ಕಡ್ಡಿ ತೆಗೆದು ನೋಡಿದರು. ನೀರು ಸೇರಿದ್ದರೆ ಹಾಲು ಹಾಕಿದ ಕಾಫಿಯ ಹಾಗೆ ಕಾಣುತ್ತದೆ, ಇದು ಹಾಗಿರಲಿಲ್ಲ. ಹೆಡ್‌ಲೈಟಿನ ಒಳಗೆ ನೀರಿನ ಗೆರೆಯಿಲ್ಲ.

ಎಡಬದಿಯ ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ಮಾತ್ರ ಬೆರಳಿಗೆ ನೀರು ತಾಗಿತು.

ನನ್ನ ಜೀವವೇ ಹೋದಂತಾಯಿತು. ಅಷ್ಟು ತಿಂಗಳ ಅಲೆದಾಟದ ನಂತರ ಸಿಕ್ಕಿದ್ದು, ಅಪ್ಪನಿಗೆ ಇನ್ನೊಮ್ಮೆ ಬೇಡ ಅಂತ ಹೇಗೆ ಹೇಳುವುದು? ಯಜಮಾನರೂ ಗಾಬರಿಯಾದರು, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಅಣ್ಣ ಮಾತ್ರ ಅವಸರ ಮಾಡಲಿಲ್ಲ. ಕಾರ್ಪೆಟಿನ ಮೂಲೆ ಎಬ್ಬಿಸಿ ಬೈರಾಸು ಒತ್ತಿದರು. ನೀರು ತಿಳಿಯಾಗಿತ್ತು, ಮಣ್ಣಿಲ್ಲ. ಲೋಹಕ್ಕೆ ತುಕ್ಕಿಲ್ಲ, ಬೋಲ್ಟುಗಳನ್ನು ಯಾರೂ ಮುಟ್ಟಿಲ್ಲ, ಬಲಬದಿ ಪೂರ್ತಿ ಒಣಗಿದೆ. ನೆರೆನೀರು ಒಂದು ಬದಿಗೆ ಮಾತ್ರ ಬರುವುದಿಲ್ಲ. ಏಸಿಯ ನೀರು ಹೊರಹೋಗುವ ಸಣ್ಣ ಪೈಪು ಕಟ್ಟಿಕೊಂಡು ನೀರು ಒಳಗೆ ತಿರುಗಿತ್ತು. ಪೈಪಿನಲ್ಲಿ ಗಾಳಿ ಊದಿದಾಗ ಕಪ್ಪು ಲೋಳೆ ಹೊರಬಿತ್ತು, ಹಿಂದೆಯೇ ನೀರು ಸುರಿಯಿತು. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಗಾಜಿನ ಬುಡದ ಜಾಲರಿಗೆ ಎಲೆ ತುಂಬಿ ಮಳೆನೀರು ಹೀಗೆಯೇ ಒಳಗೆ ಇಳಿಯುವುದೂ ಉಂಟು. ಅಡಿಕೆ ತೋಟದ ಮನೆಗಳಲ್ಲಿ ಅದು ಸಾಮಾನ್ಯ. ಹಾಗಾಗಿ ತೇವ ಕಂಡ ಕೂಡಲೇ ಒಳ್ಳೆಯ ಕಾರನ್ನು ಬಿಟ್ಟು ಬರಬೇಡಿ. ಮಣ್ಣು ಇದೆಯೋ, ತುಕ್ಕು ಇದೆಯೋ, ಎರಡೂ ಬದಿಯಲ್ಲಿ ಇದೆಯೋ ನೋಡಿ.

ಆದರೂ ನಾನು ಅಂದೇ ಅಡ್ವಾನ್ಸ್ ಕೊಡಲಿಲ್ಲ. ಯಜಮಾನರೇ ನಮ್ಮೊಂದಿಗೆ ಅಧಿಕೃತ ಸರ್ವಿಸ್ ಸೆಂಟರಿಗೆ ಬಂದು ಕಾರಿನ ಪೂರ್ತಿ ಸರ್ವಿಸ್ ಚರಿತ್ರೆಯ ಪ್ರಿಂಟ್ ತೆಗೆಸಿಕೊಟ್ಟರು. ಪ್ರತಿ ಸರ್ವಿಸಿನ ತಾರೀಕು, ಓಡಿದ ಕಿಲೋಮೀಟರ್, ಹಾಕಿದ ಭಾಗ ಎಲ್ಲ ಅದರಲ್ಲಿ ಇರುತ್ತದೆ. 2018 ಮತ್ತು 2019ರ ಮಳೆಗಾಲದ ಆಸುಪಾಸು ನೋಡಿದೆ: ಮಾಮೂಲಿ ಸರ್ವಿಸ್, ಕಾಸರಗೋಡಿನಲ್ಲೇ. ತಿಂಗಳುಗಟ್ಟಲೆ ಏನೂ ಇಲ್ಲದ ಖಾಲಿ, ಅಥವಾ ಒಮ್ಮೆಲೇ ವೈರಿಂಗ್, ಸ್ಟಾರ್ಟರ್, ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಿದ ದಾಖಲೆ ಕಂಡರೆ ಅಲ್ಲಿ ನಿಲ್ಲಬೇಕು. ಅಲ್ಲೇ ಸ್ಕ್ಯಾನರ್ ಹಾಕಿ ಏರ್‌ಬ್ಯಾಗ್, ಎಬಿಎಸ್ ಬ್ರೇಕು ಎರಡರಲ್ಲೂ ದೋಷದ ಕೋಡ್ ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಸ್ಕ್ಯಾನಿಂಗಿಗೆ ಏಳುನೂರು ರೂಪಾಯಿ ಆಯಿತು. ಅಣ್ಣನಿಗೆ ಪ್ರತಿ ಸಲ ಸಾವಿರ ಕೊಟ್ಟೆ, ಅವರು ಬೇಡ ಬೇಡ ಅಂದರೂ. ಆ ದುಡ್ಡಿನಷ್ಟು ಸಾರ್ಥಕವಾದ ಖರ್ಚು ಈ ಇಡೀ ವ್ಯವಹಾರದಲ್ಲಿ ಬೇರೊಂದಿಲ್ಲ. ಮೂರು ಲಕ್ಷ ತೊಂಬತ್ತು ಸಾವಿರಕ್ಕೆ ಮಾತಾಯಿತು.

ಕಾರು ಸರಿ ಇದ್ದರೂ ಕಾಗದ ಸರಿ ಇರಬೇಕಲ್ಲ. ಹೆಸರು ಬದಲಾಯಿಸಲು ಫಾರ್ಮ್ 29, 30. ಅಕ್ಷಯ ಕೇಂದ್ರದಲ್ಲಿ ಕೂತು ಅರ್ಜಿ ತುಂಬಿಸುವಾಗ ಒಂದರ ಹಿಂದೆ ಒಂದು ಗಂಟು. ಮೊದಲನೆಯದು ಒಟಿಪಿ. ಕಾರಿನ ದಾಖಲೆಯಲ್ಲಿದ್ದ ಮೊಬೈಲ್ ನಂಬರ್ ಯಜಮಾನರ ಮಗನದ್ದು, ಮಗ ಶಾರ್ಜಾದಲ್ಲಿ. ಅವನು ಡ್ಯೂಟಿ ಮುಗಿಸಿ ಫೋನ್ ತೆಗೆಯುವಷ್ಟರಲ್ಲಿ ಒಟಿಪಿಯ ಹೊತ್ತು ಮೀರಿರುತ್ತಿತ್ತು. ಕಡೆಗೆ ಅವನ ರಜೆಯ ದಿನಕ್ಕೆ ಕಾದು, ನಂಬರನ್ನೇ ಯಜಮಾನರದ್ದಕ್ಕೆ ಬದಲಾಯಿಸಿ ಮುಂದುವರಿದೆವು. ಗಲ್ಫಿನಲ್ಲಿ ಮಕ್ಕಳಿರುವ ಮನೆಯ ಕಾರು ಕೊಳ್ಳುವವರು ಇದನ್ನು ಮೊದಲೇ ಕೇಳಿಕೊಳ್ಳಿ.

ಎರಡನೆಯದು ಸಾಲ. ಯಜಮಾನರು ಸಾಲ ತೀರಿಸಿ ವರ್ಷಗಳಾಗಿದ್ದವು, ಆದರೆ ಆರ್‌ಸಿಯಲ್ಲಿ ಹೈಪೊಥಿಕೇಶನ್, ಅಂದರೆ ಕಾರಿನ ಮೇಲೆ ಬ್ಯಾಂಕಿನ ಸಾಲ ಇದೆ ಎಂಬ ನಮೂದು, ಹಾಗೆಯೇ ಉಳಿದಿತ್ತು. ಅದರಲ್ಲಿದ್ದ ಬ್ಯಾಂಕಿನ ಹೆಸರೇ ಈಗ ಇಲ್ಲ. ನಮ್ಮ ಕರಾವಳಿಯ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಇವುಗಳ ಹೆಸರು ಆರ್‌ಸಿಯಲ್ಲಿ ಇದ್ದರೆ ಈಗಿನ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತರಿಸಿ. ಹಳೆ ಖಾತೆಯ ಲೆಕ್ಕ ಹುಡುಕಲು ಶಾಖೆಯವರಿಗೂ ಸಮಯ ಬೇಕಾಗುತ್ತದೆ. ನಮ್ಮ ಕೆಲಸ ಹೆಚ್ಚು ನಿಂತದ್ದು ಇಲ್ಲಿಯೇ. ಆ ದಿನಗಳಲ್ಲಿ ಕಾರು ಮುಳ್ಳೇರಿಯದಲ್ಲೇ ಇತ್ತು, ನಾವು ಟ್ಯಾಕ್ಸಿಯಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದೆವು. ಹೆಸರು ಬದಲಾಗುವ ದಾರಿ ಸ್ಪಷ್ಟವಾಗದೆ ಕೀಲಿ ತೆಗೆದುಕೊಳ್ಳಬಾರದು ಎಂದು ನಾನು ಹಟ ಹಿಡಿದಿದ್ದೆ.

ಜೊತೆಗೆ ರಸ್ತೆಬದಿಯ ಎಐ ಕ್ಯಾಮೆರಾದ ಒಂದು ದಂಡ ಬಾಕಿ, ಸೀಟ್ ಬೆಲ್ಟಿನದ್ದು. ಯಜಮಾನರಿಗೆ ತಿಳಿದೇ ಇರಲಿಲ್ಲ. ಅದರ ಮೆಸೇಜೂ ಶಾರ್ಜಾಕ್ಕೆ ಹೋಗಿತ್ತು. ಅವರು ಕೂಡಲೇ ಕಟ್ಟಿದರು. ವಿದ್ಯಾನಗರದ ಸಿವಿಲ್ ಸ್ಟೇಷನ್‌ನ ಆರ್‌ಟಿಒ ಕಚೇರಿಯಲ್ಲಿ ಕಾಗದ ಒಪ್ಪಿಸಿದ ಮೇಲೆ ಕಾಯುವುದು ಮಾತ್ರ ಉಳಿಯಿತು.

ಇನ್ಶೂರೆನ್ಸ್ ತನ್ನಷ್ಟಕ್ಕೆ ನಮ್ಮ ಹೆಸರಿಗೆ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಎದುರಿನವರಿಗೆ ಆಗುವ ಹಾನಿಯ ಭಾಗ ಹಾಗೆ ಮುಂದುವರಿಯುತ್ತದೆ. ನಮ್ಮ ಕಾರಿನ ಹಾನಿಯ ಭಾಗಕ್ಕೆ 14 ದಿನಗಳೊಳಗೆ ಅರ್ಜಿ ಕೊಡಬೇಕು. ಹಳೆ ಮಾಲೀಕರ ಬೋನಸ್ ನಮಗೆ ಸಿಗದ ಕಾರಣ ಆ ವ್ಯತ್ಯಾಸದ ಮೊತ್ತವನ್ನು ನಾವೇ ಕಟ್ಟಬೇಕು. ಇಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಮುಂದಿನ ನವೀಕರಣಕ್ಕೆ ಸೇರಿಸಲು ಹೇಳಿದ್ದೇನೆ. ನೀರು ತುಂಬಿದ ರಸ್ತೆಯಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ಸೇರಿದ ನೀರು ಒತ್ತಿಕೊಳ್ಳದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮಾಮೂಲಿ ಪಾಲಿಸಿಯವರು ಅದಕ್ಕೆ ದುಡ್ಡು ಕೊಡಲು ಒಪ್ಪುವುದು ಕಷ್ಟ. ಮಧೂರಿನ ಕಡೆ ಮಧುವಾಹಿನಿ ಉಕ್ಕಿ ರಸ್ತೆಗೆ ನೀರು ಬಂದಾಗ ಗಾಡಿ ನಿಂತರೆ ಕೀಲಿ ತಿರುಗಿಸದೆ ತಳ್ಳಿಸಿಕೊಂಡು ಹೋಗಿ.

ಎಲ್ಲ ಮುಗಿಯಿತು ಎಂದುಕೊಂಡಾಗ ಯಜಮಾನರ ಫೋನು ಬಂತು. ನಾವು ತಲಪಾಡಿ ಟೋಲ್ ದಾಟಿದ ದುಡ್ಡು ಅವರ ಖಾತೆಯಿಂದ ಹೋಗಿತ್ತು. ಗಾಜಿನಲ್ಲಿದ್ದ ಫಾಸ್ಟ್ಯಾಗ್ ಅವರದ್ದೇ. ಅವರು ಅದನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸದೆ ಅದೇ ಕಾರಿಗೆ ನನ್ನ ಹೆಸರಲ್ಲಿ ಹೊಸದು ಸಿಗುವುದಿಲ್ಲ. ಹೋಗಿದ್ದ ಟೋಲ್ ದುಡ್ಡನ್ನು ಅವರಿಗೆ ಕಳುಹಿಸಿದೆ, ಅವರು ಹಳೆಯದನ್ನು ಮುಚ್ಚಿಸಿದರು, ಹೊಸದು ನಿನ್ನೆ ಅಂಟಿಸಿದೆ. ಕೀಲಿ ಕೈಗೆ ಬರುವ ದಿನವೇ ಈ ಮಾತನ್ನೂ ಮುಗಿಸಿಕೊಳ್ಳಿ.